ಹದಿಮೂರೇಳ್ಲೆ ತೊಂಬತ್ಮೂರು

ಕಲಘಟಗಿ ತಾಲೂಕಿನ ಬಿಳಿಗಲ್ಲಕೊಪ್ಪದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಎಂಬತ್ಮೂರರ ದಸರೆಯಿಂದ ಎಂಬತ್ತೈದರ ಯುಗಾದಿಯವರೆಗೆ ಆ ಊರಿನಲ್ಲಿ ಹದಿಮೂರೇಳ್ಲೆ ತೊಂಬತ್ಮೂರು ಆಗಿತ್ತೆಂಬ ಸಂಗತಿಯನ್ನು ಮೊದಲನೆಯ ಪುಟದಲ್ಲಿಯೇ ದಾಖಲಿಸತಕ್ಕದ್ದು. ಉಳಿದ ಜಗತ್ತಿನಲ್ಲಿ ಅದು ಎಂದಿನಂತೆ ತೊಂಬತ್ತೊಂದೇ ಇತ್ತು. ದುಮ್ಮವಾಡದಲ್ಲಿ ತೊಂಬತ್ತೊಂದು, ದೇವಿಕೊಪ್ಪದಲ್ಲಿ ತೊಂಬತ್ತೊಂದು, ಬಿಳಿಗಲ್ಲಕೊಪ್ಪದ ಕನ್ನಡ ಶಾಲೆಯಲ್ಲಿ ಮಾತ್ರ ಎರಡು ಹೆಚ್ಚು. ಇದರಿಂದ ಯಾರ ಬೆಳೆಯೂ ಒಣಗಲಿಲ್ಲ, ಯಾರ ಮದುವೆಯೂ ಮುರಿಯಲಿಲ್ಲ. ಹದಿಮೂರನ್ನು ಏಳರಿಂದ ಗುಣಿಸಬೇಕಾದ ಪ್ರಸಂಗ ಒಬ್ಬ ಮನುಷ್ಯನ ಆಯುಷ್ಯದಲ್ಲಿ ಎಷ್ಟು ಸಲ ಬಂದೀತು? ಆದರೆ ಒಬ್ಬ ಮಾಸ್ತರನ ಅನ್ನ ಆ ಹೆಚ್ಚಿನ ಎರಡರ ಮೇಲೆ ನಿಂತಿತ್ತು.

ತಪ್ಪು ಹುಟ್ಟಿದ್ದು ತೀರ ಸರಳವಾಗಿ. ಶಾಲೆಗಿದ್ದ ಒಂದೇ ಒಂದು ಮಗ್ಗಿ ಪುಸ್ತಕಕ್ಕೆ ಗೆದ್ದಲು ಹಿಡಿದು, ಹದಿಮೂರರ ಪುಟದ ಏಳನೆಯ ಸಾಲಿನಲ್ಲಿ ತೂತು ಬಿದ್ದಿತ್ತು. ಮಗ್ಗಿ ಹೇಳಿಸುವ ಕೆಲಸ ಹಿರಿಯ ಮಲಕಪ್ಪನ ಮೊಮ್ಮಗಳು ದುಂಡವ್ವನದು. ಎರಡನೆಯ ಇಯತ್ತೆಯ ಆ ಹುಡುಗಿಗೆ 'ಗೊತ್ತಿಲ್ಲ' ಎನ್ನುವ ಮಾತೊಂದು ಗೊತ್ತಿರಲಿಲ್ಲ. ತೂತಿನ ಹತ್ತಿರ ಬಂದವಳು ಅರೆಗಳಿಗೆಯೂ ತಡೆಯದೆ "ತೊಂಬತ್ಮೂರು" ಎಂದಳು. ಹಿಂದಿನಿಂದ ಮೂವತ್ತಮೂರು ಕೊರಳು "ತೊಂಬತ್ಮೂರು" ಎಂದವು. ಕುರ್ಚಿಯಲ್ಲಿ ಕೂತಿದ್ದ ಇಮಾಮುದ್ದೀನ ಮಾಸ್ತರರು, ಎಲ್ಲ ಬಾಯಿಗಳೂ ನಿಂತದ್ದನ್ನು ನೋಡಿಕೊಂಡು, "ಶಾಬಾಸ್" ಎಂದರು.

ಬಾಯಿಗಳು ನಿಂತದ್ದನ್ನು ಅವರು ನೋಡಿದರು. ಕೇಳುವ ಕೆಲಸ ಅವರಿಂದ ಆಗುತ್ತಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಬಂದ ವಿಷಮಜ್ವರ ಇಪ್ಪತ್ತೊಂದು ದಿನ ಕಾಡಿ ಹೋಗುವಾಗ ಅವರ ಎಡಗಿವಿಯನ್ನು ಪೂರ್ತಿ ಒಯ್ದಿತ್ತು. ಬಲಗಿವಿಯಲ್ಲಿ ಜೇನುಹುಟ್ಟಿನಂಥ ಒಂದು ಗುಂಯ್ ಎನ್ನುವುದನ್ನು ಬಿಟ್ಟಿತ್ತು. ಮಾಸ್ತರರು ಯಾರಿಗೂ ಹೇಳಲಿಲ್ಲ. ಕಿವುಡ ಮಾಸ್ತರನನ್ನು ಸರ್ಕಾರ ಮನೆಗೆ ಕಳಿಸುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಬೇರೆ ಕಸುಬು ಗೊತ್ತಿಲ್ಲ, ಒಂದು ಗೇಣು ಹೊಲವಿಲ್ಲ. ಶಾಲೆಯ ಎರಡನೆಯ ಮಾಸ್ತರರ ಜಾಗ ಖಾಲಿಯಿದ್ದುದರಿಂದ, ಕಂಡುಹಿಡಿಯುವವರೂ ಹತ್ತಿರ ಇರಲಿಲ್ಲ. ಬೇರೆಯವರು ಪ್ರಶ್ನೆ ಕೇಳದಂತೆ ತಾವೇ ಸತತವಾಗಿ ಮಾತಾಡುವುದು, ಸಿಕ್ಕಿಬಿದ್ದರೆ ಮುಗುಳ್ನಕ್ಕು "ಹೌದ್ರಿ" ಎನ್ನುವುದು, ಹಿಂದಿನಿಂದ ಯಾರಾದರೂ ಕರೆಯಬಹುದಾದ ಓಣಿಯಲ್ಲಿ ಬಿರಬಿರನೆ ನಡೆದುಬಿಡುವುದು: ಹೀಗೆ ಮೂರು ಉಪಾಯಗಳಿಂದ ಒಂದೂವರೆ ವರ್ಷ ಸಾಗಿಸಿದರು.

ಊರು ತನ್ನ ತೀರ್ಪು ತಾನು ಕೊಟ್ಟಿತು. ಮಸೂತಿಯ ಕಟ್ಟೆಯ ಮೇಲೆ ದಾವೂದಸಾಬ ಹೇಳಿದ, "ಸಲಾಮ್ ಅಂದ್ರ ಹೊಳ್ಳಿ ನೋಡೂದಿಲ್ಲ. ಮಾಸ್ತರಗ ಅಗದಿ ಸೊಕ್ಕ ಬಂದೈತಿ." ಹನುಮಪ್ಪನ ಗುಡಿಯ ಕಟ್ಟೆಯಲ್ಲಿಯೂ ಅದೇ ಮಾತು. ಎರಡು ಕಟ್ಟೆಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅಪರೂಪ.

ಸೊಕ್ಕು ಎಂದರೆ ಮಾಸ್ತರರಿಗೆ ಸಮಾಧಾನವೇ. ಆದರೆ ಕೇಳದವನಿಗೆ ಜಗತ್ತೆಲ್ಲ ತನ್ನ ಬಗ್ಗೆಯೇ ಪಿಸುಗುಡುತ್ತಿದೆ ಎನಿಸತೊಡಗುತ್ತದೆ. ಹದಿನಾಲ್ಕು ವರ್ಷ ಒಂದು ಮಗುವಿಗೆ ಬೆರಳು ತಾಗಿಸದ ಮಾಸ್ತರರು ಮೇಜಿನ ಮೇಲೆ ಬೆತ್ತ ತಂದಿಟ್ಟರು. ಎಂಬತ್ತೈದರ ಫೆಬ್ರುವರಿಯ ಒಂದು ಮಧ್ಯಾಹ್ನ ಹಲಗೆಯ ಮೇಲೆ ಬರೆದು ತಿರುಗಿದಾಗ ಇಡೀ ಶಾಲೆ ನಗುತ್ತಿತ್ತು. ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದವಳು ದುಂಡವ್ವ. ಮಾಸ್ತರರು ಅವಳನ್ನು ಎಬ್ಬಿಸಿ ಅಂಗೈಗೆ ಆರು ಏಟು ಹಾಕಿದರು. ಆರನೆಯದಕ್ಕೆ ಚರ್ಮ ಒಡೆಯಿತು. ಆಮೇಲೆ ತಿರುಗಿ ನೋಡಿದರೆ, ಬಾಗಿಲಲ್ಲಿ ತಲೆ ತೂರಿಸಿದ ಒಂದು ಆಡು ಗೋಡೆಯ ಕ್ಯಾಲೆಂಡರಿನ ಮಾರ್ಚ್ ತಿಂಗಳನ್ನು ಮೆಲ್ಲುತ್ತಿತ್ತು.

ಮಲಕಪ್ಪ ಅಂದೇ ಸಂಜೆ ಅರ್ಜಿ ಬರೆಸಿದ. "ಸದರಿ ಶಿಕ್ಷಕರು ಗರ್ವಿಷ್ಠರಿದ್ದು, ಮಕ್ಕಳು ನಕ್ಕಲ್ಲಿ ಹೊಡೆಯುತ್ತಾರೆ" ಎಂದು ಅದರಲ್ಲಿತ್ತು. ಅರ್ಜಿ ತಾಲೂಕಿಗೆ ಹೋಯಿತು.

ಮಾಸ್ತರರ ಹೆಂಡತಿ ಮಲಿಕಾಬಿ ನವಲಗುಂದದವಳು. ಶಾಲೆಯ ಮುಂದೆಯೇ ಮನೆ. ಅವರ ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡ. ಈಚೆಗೆ ಜಗಳವೂ ನಿಂತಿತ್ತು. ಗಂಡ ಅವಳ ಮಾತಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದರು. ಅವಳು ರೊಟ್ಟಿ ಬಡಿಯುತ್ತ ಬೆನ್ನಿಗೆ ಮಾತಾಡುತ್ತಿದ್ದಳು, ಬೆನ್ನು ಉಣ್ಣುತ್ತಿತ್ತು.

ಶಾಲೆಯ ಮಗ್ಗಿ ಅವಳ ಒಲೆಯವರೆಗೂ ಕೇಳುತ್ತಿತ್ತು. ಅವಳಿಗೆ ಅಕ್ಷರ ಬಾರದು. ಆದರೆ ತವರಿನಲ್ಲಿ ಜಮಖಾನೆ, ಎಂದರೆ ಬಣ್ಣದ ನೂಲಿನ ದಪ್ಪ ಹಾಸು ನೇಯುವಾಗ, ನವಿಲಿನ ಕುತ್ತಿಗೆಗೆ ಹದಿಮೂರು ಎಳೆ ಏಳು ಸಲ ಎಣಿಸುತ್ತಿದ್ದರು. ಅದು ತೊಂಬತ್ತೊಂದಾಗದೆ ತೊಂಬತ್ಮೂರಾದರೆ ನವಿಲಿಗೆ ಗಂಟಲುಬೇನೆ ಬಂದಂತೆ ಕಾಣುತ್ತಿತ್ತು. ಸಾಲಿಯ ಲೆಕ್ಕ ಬೇರೆ ಇರಬಹುದು, ಓದಿದವರ ನಡುವೆ ನಮಗೇನು ಎಂದು ಅವಳು ಬಹಳ ದಿನ ಸುಮ್ಮನಿದ್ದಳು. ಒಂದು ದಿನ ಮಗ್ಗಿಯ ನಡುವೆ ಯಾರೋ ಬೆಕ್ಕಿನಂತೆ ಮಿಯಾಂವ್ ಎಂದರು. ಮಾಸ್ತರರು "ಶಾಬಾಸ್" ಎಂದರು. ಮಲಿಕಾಬಿಯ ಕೈಯಲ್ಲಿಯ ರೊಟ್ಟಿ ಕಲ್ಲಿನ ಮೇಲೆಯೇ ನಿಂತಿತು.

ಇದನ್ನೆಲ್ಲ ಅವಳು ಆಮೇಲೆ ಹೇಳಿದ್ದು. ಅವಳಿಗೆ ತಿಳಿದುಹೋಗಿದೆಯೆಂದು ಮಾಸ್ತರರಿಗೆ ಗೊತ್ತಾದದ್ದು ಯುಗಾದಿಯ ಹಿಂದಿನ ರವಿವಾರ. ಕಟ್ಟೆಯ ಮೇಲೆ ಕೂತು ಹಳೆಯ ಪೇಪರು ಓದುತ್ತಿದ್ದರು. ಹಾಳೆಯ ಮೇಲೆ ನೆರಳು ಬಿತ್ತೆಂದು ತಿರುಗಿದರು. ಮಲಿಕಾಬಿ ಹಿಂದೆ ನಿಂತಿದ್ದಳು, ಎರಡೂ ಕೈಯಲ್ಲಿ ಒಂದೊಂದು ಹಿತ್ತಾಳೆಯ ಮುಚ್ಚಳ. ಎದುರು ಮನೆಯ ಫಕೀರವ್ವ ಬಾಗಿಲಿಗೆ ಬಂದು ಕೆನ್ನೆಗೆ ಕೈ ಹಚ್ಚಿ ನೋಡುತ್ತಿದ್ದಳು. ಅಂಗಳದಲ್ಲಿ ಒಂದೂ ಕೋಳಿ ಇರಲಿಲ್ಲ. ಮುಚ್ಚಳ ಎಷ್ಟು ಜೋರಾಗಿ ಬಡಿದಿರಬಹುದೆಂಬುದನ್ನು ಮಾಸ್ತರರು ಆ ಬರಿದಾದ ಅಂಗಳವನ್ನು ನೋಡಿ ತಿಳಿದುಕೊಂಡರು.

ಅವಳು ಮುಚ್ಚಳಗಳನ್ನು ಕೆಳಗಿಟ್ಟು, ಒಳಗೆ ಕರೆದೊಯ್ದು, ಎದುರಿಗೆ ಕೂತು ಅವರ ಗದ್ದ ಹಿಡಿದಳು.

"ಎಂದಿಂದ?"

ಎರಡನೆಯ ಸಲ ಅಂದಾಗ ತಿಳಿಯಿತು. "ಜ್ವರದಿಂದ" ಎಂದರು.

"ನನಗ್ಯಾಕ ಹೇಳ್ಲಿಲ್ರಿ?" ಇದನ್ನು ಮೂರು ಸಲ ಹೇಳಬೇಕಾಯಿತು.

"ಹೇಳಿದ್ರ ನಿನ್ನ ಮಾರಿ ಹಿಂಗಾಕ್ಕಿತ್ತು. ಅದಕ್ಕ."

"ದೀಡ ವರ್ಷ ನಾ ಮಾತಾಡಿದ್ದೆಲ್ಲಾ ಗ್ವಾಡಿಗೆ ಹೇಳಿದಂಗಾತಲ್ರಿ!" ಎಂದು ಅವಳು ಅತ್ತಳು. ಆ ವಾಕ್ಯ ಮಾಸ್ತರರಿಗೆ ತಿಳಿಯಲಿಲ್ಲ, ಅಳುವವರ ತುಟಿ ನೆಟ್ಟಗಿರುವುದಿಲ್ಲ. ಅಳು ತಿಳಿಯಿತು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಅವಳು ಕೆಲಸಕ್ಕೆ ಕೂತಳು.

ಅವಳ ತವರಿನಲ್ಲಿ ಒಂದು ಕಟ್ಟಳೆಯಿತ್ತು. ನೇಯ್ಗೆಯನ್ನು ಸೊಸೆಯಂದಿರಿಗೆ ಕಲಿಸುತ್ತಿದ್ದರು, ಹೆಣ್ಣುಮಕ್ಕಳಿಗೆ ಕಲಿಸುತ್ತಿರಲಿಲ್ಲ. ಮಗಳು ನಾಳೆ ಪರರ ಮನೆಗೆ ಹೋಗುವವಳು, ಕಸುಬೂ ಅವಳ ಹಿಂದೆ ಹೋದೀತೆಂಬ ಹೆದರಿಕೆ. ಮಗ್ಗದ ಕೋಣೆಯಿಂದ ಮಲಿಕಾಬಿಯನ್ನು ಒಲೆಗೆ ಅಟ್ಟುತ್ತಿದ್ದರು. ಒಲೆಯ ಬಾಯಿಯಿಂದ, ನಡುವಿನ ಅಂಗಳ ದಾಟಿ, ಬಾಗಿಲ ಸಂದಿಯಲ್ಲಿ ಅತ್ತಿಗೆಯರ ಮುಖ ಕಾಣುತ್ತಿತ್ತು. ನೂಲನ್ನು ಕುಟ್ಟುವ ಕಬ್ಬಿಣದ ಪಂಜಾದ ಸದ್ದಿನಲ್ಲಿ ಅವರು ಹೇಳುವ ಎಣಿಕೆ ಒಂದೂ ಕೇಳುತ್ತಿರಲಿಲ್ಲ, ತುಟಿಯಾಡುವುದಷ್ಟೇ ಕಾಣುತ್ತಿತ್ತು. ಹಾಗೆ ನೋಡಿ ನೋಡಿಯೇ ಎಂಟು ನಮೂನೆಯ ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು. ಇವತ್ತಿಗೂ ಅವಳು ಒಂದು ಗೇಣು ಜಮಖಾನೆ ನೇಯ್ದವಳಲ್ಲ. ಆದರೆ ಕೇಳದೆ ಕೇಳುವುದು ಹೇಗೆಂಬುದು ಆ ಮನೆಯಲ್ಲಿ ಅವಳಷ್ಟು ಯಾರಿಗೂ ತಿಳಿದಿರಲಿಲ್ಲ.

ಮರುದಿನದಿಂದ ಬೇಸಿಗೆಯ ರಜೆ ಮುಗಿಯುವವರೆಗೆ ಪಾಠ ನಡೆಯಿತು. ದಿನಾ ಮುಂಜಾನೆ ಪಡಸಾಲೆಯಲ್ಲಿ, ಬೆಳಕು ಅವಳ ಮುಖದ ಮೇಲೆ ಬೀಳುವಂತೆ. ಅವಳು ದನಿ ತೆಗೆಯದೆ ತುಟಿಯಾಡಿಸುತ್ತಿದ್ದಳು, ಅವರು ಹೇಳಬೇಕು. ಮೊದಲನೆಯ ದಿನವೇ ಹದಿಮೂರರ ಮಗ್ಗಿ ಹಿಡಿದಳು. ತುಟಿಗೆ ಬೆರಳಿಟ್ಟು, ತಿಳಿಯುವವರೆಗೆ ಮತ್ತೆ ಮತ್ತೆ ಹೇಳಿದಳು.

"ನೋಡ್ರಿ. ತೊಂಬತ್ತೊಂದು ಅಂದ್ರ ತುಟಿ ಒಂದ ಸಲ ಕೂಡತಾವು. ತೊಂಬತ್ಮೂರು ಅಂದ್ರ ಎರಡ ಸಲ. ನಿಮ್ಮ ಸಾಲ್ಯಾಗ ಎರಡ ಸಲ ಕೂಡಾಕತ್ತಾವು."

ಮಾಸ್ತರರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಎಷ್ಟ ದಿನದಿಂದ?"

"ಎರಡ ದಸರಾ ಆದ್ವು."

ಮಗ್ಗಿ ಮುಗಿದ ಮೇಲೆ ಮಾತಿನ ಪಾಠ. ಅದಕ್ಕೆ ಹೊಸ ವಾಕ್ಯ ಹುಡುಕುವ ತೊಂದರೆ ಇರಲಿಲ್ಲ. ಒಂದೂವರೆ ವರ್ಷದ್ದು ಬಾಕಿ ಇತ್ತು. ಬೆನ್ನಿಗೆ ಹೇಳಿದ್ದನ್ನೆಲ್ಲ ಅವಳು ಒಂದೊಂದಾಗಿ ಮುಖಕ್ಕೆ ಹೇಳಿದಳು. "ಮಳಿ ಬರಾಕತ್ತೈತಿ, ಕೌದಿ ಒಳಗ ತೊಗೊಂಬರ್ರಿ." ಅಂದು ಕೌದಿ ತೊಯ್ದು ತೊಪ್ಪೆಯಾದದ್ದು ಮಾಸ್ತರರಿಗೆ ನೆನಪಾಯಿತು. "ಫಕೀರವ್ವನ ಎಮ್ಮಿ ಈದೈತಿ, ಗಿಣ್ಣದ ಹಾಲ ಕೊಟ್ಟಾಳ." "ನಮ್ಮ ಅಮ್ಮಾ ಸಾಯೂ ಮುಂದ ನಿಮ್ಮ ಹೆಸರ ತೊಗೊಂಡ್ಳಂತ." ಈ ಸುದ್ದಿಗೆ ಅವರು ಆಗ ತಲೆಯೆತ್ತದೆ ಇನ್ನೊಂದು ರೊಟ್ಟಿ ಕೇಳಿದ್ದರು. ಮಲಿಕಾಬಿ ಅದನ್ನೂ ಹೇಳಿದಳು.

ಒಂದು ದಿನ ಅವಳು ಅಂದಳು, "ನನ್ನ ಮ್ಯಾಲ ಸಿಟ್ಟ ಏನ್ರಿ?"

"ಇಲ್ಲ! ಸಿಟ್ಟ ಯಾಕ?"

"ಈಗ ಅಲ್ರಿ. ಹೋದ ವರ್ಷ ರಂಜಾನದಾಗ ಕೇಳಿದ್ದೆ. ಮೂರ ದಿನ ಕೇಳಿದ್ದೆ."

ಮಾಸ್ತರರು ಆ ದಿನ ಪಾಠ ಮುಂದುವರಿಸಲಿಲ್ಲ. ಮುಂಗಾರಿನ ಹೊತ್ತಿಗೆ ಬಲಗಿವಿಯ ಗುಂಯ್ ಎನ್ನುವುದೂ ಹೋಗಿ ಪೂರ್ತಿ ಮೌನವಾಯಿತು. ಅವಳ ಪ್ರತಿಯೊಂದು ಮಾತೂ ಈಗ ತಿಳಿಯುತ್ತಿತ್ತು. ಅವಳ ದನಿ ಹೇಗಿತ್ತೆಂಬುದು ಮರೆಯುತ್ತ ಬಂದಿತ್ತು. ಎರಡನೆಯದನ್ನು ಅವಳಿಗೆ ಹೇಳಲಿಲ್ಲ.

ಜೂನಿನಲ್ಲಿ ಶಾಲೆ ತೆರೆದಾಗ ಅವಳೇ ಬಂದು ನೋಡಿ, "ಇದೇನ್ರಿ, ಮಕ್ಕಳ ಮಾರಿ ಎಲ್ಲಾ ಕತ್ತಲಿ! ಕಿಟಕಿ ನಿಮ್ಮ ಬೆನ್ನಿಗೆ ಬರಬೇಕು" ಎಂದು ಮಕ್ಕಳು ಕೂಡುವ ತಟ್ಟುಗಳನ್ನು ತಿರುಗಿಸಿ ಹಾಸಿದಳು. ಗುಂಪಿನ ಮಗ್ಗಿ ನಿಂತಿತು. ಒಬ್ಬೊಬ್ಬರೇ ಎದ್ದು ನಿಂತು, ಮುಖವೆತ್ತಿ ಹೇಳಬೇಕು. ಆಗ ಮಾಸ್ತರರಿಗೆ ತಿಳಿದ ಸಂಗತಿ ಅವರನ್ನು ಒಂದು ವಾರ ಊಟಮಾಡಗೊಡಲಿಲ್ಲ. ಮೂವತ್ನಾಲ್ಕರಲ್ಲಿ ಹತ್ತೊಂಬತ್ತು ಮಕ್ಕಳು ಇಷ್ಟು ವರ್ಷ ಬರಿದೆ ಬಾಯಿ ತೆರೆದು ಮುಚ್ಚುತ್ತಿದ್ದರು. ಒಳಗೆ ಸಂಖ್ಯೆಯೇ ಇರಲಿಲ್ಲ. ಕಿವಿ ನೆಟ್ಟಗಿದ್ದ ಹದಿನಾಲ್ಕು ವರ್ಷವೂ ಇದು ಅವರಿಗೆ ಕೇಳಿಸಿರಲಿಲ್ಲ.

ಈಗ ನೋಡದೆ ಗತಿಯಿರಲಿಲ್ಲ. ಯಾರು ಉಣ್ಣದೆ ಬಂದಿದ್ದಾರೆ, ಯಾರಿಗೆ ಹಲಗೆ ಕಾಣುತ್ತಿಲ್ಲ, ಯಾರು ಉತ್ತರ ಗೊತ್ತಿದ್ದೂ ಹೆದರಿದ್ದಾರೆ, ಎಲ್ಲ ಮುಖದಲ್ಲಿಯೇ ಬರೆದಿತ್ತು. ನಗುವಾಗ ಯಾವುದಕ್ಕೆ ನಗುತ್ತಾರೆಂಬುದೂ ಕಾಣುತ್ತಿತ್ತು. ಬೆತ್ತವನ್ನು ಮಲಿಕಾಬಿ ಒಯ್ದು ಹೀರೆಬಳ್ಳಿಗೆ ಆಸರೆ ಕೊಟ್ಟಳು. ದುಂಡವ್ವನ ಅಂಗೈಯಲ್ಲಿ ಗೆರೆಯೊಂದು ಉಳಿದಿತ್ತು. ಅವಳು ಪಾಟಿ ತಂದು ತೋರಿಸುವಾಗಲೆಲ್ಲ ಅದು ಮಾಸ್ತರರ ಕಣ್ಣ ಮುಂದೆಯೇ ಬರುತ್ತಿತ್ತು.

ಅರ್ಜಿ ತನ್ನ ಗತಿಯಲ್ಲಿ ನಡೆದು, ಸೆಪ್ಟೆಂಬರಿನಲ್ಲಿ ಇನ್ಸ್‌ಪೆಕ್ಟರ ಸಾಹೇಬರನ್ನು ಕರೆದುಕೊಂಡು ಬಂತು. ಅಷ್ಟರಲ್ಲಿ ಬರೆಸಿದ ಮಲಕಪ್ಪನಿಗೇ ಸಿಟ್ಟು ಮರೆತುಹೋಗಿತ್ತು. ಮೊಮ್ಮಗಳು ಮನೆಯಲ್ಲಿ ಮಾಸ್ತರರ ಗುಣಗಾನ ಮಾಡುತ್ತಿದ್ದಳು. ಆದರೂ ಅರ್ಜಿದಾರನೆಂದು ಅವನೂ ಬಂದು ಕೂಡಬೇಕಾಯಿತು.

ಹಿಂದಿನ ದಿನ ಗಂಡ ಹೆಂಡಿರಿಗೆ ಜಗಳವಾಯಿತು, ಪೂರ್ತಿ ಕನ್ನಡದಲ್ಲಿ.

"ಹೇಳಿಬಿಡ್ರಿ. ಎಷ್ಟಂತ ಮುಚ್ಚತೀರಿ?"

"ಹೇಳಿದ ದಿನಾ ಮನೀಗಿ ಕಳಸ್ತಾರ. ಉಣ್ಣೂದೇನು, ನಿನ್ನ ಜಮಖಾನಿ ನವಿಲೇನು?"

"ಸಿಕ್ಕಬಿದ್ದ ಹೋಗೂದ್ಕಿಂತ ಹೇಳಿ ಹೋಗೂದು ಪಾಡ."

"ಸಿಕ್ಕಬೀಳಂಗಿಲ್ಲ."

"ಆತ ಬಿಡ್ರಿ. ನಾ ಚಾ ತೊಗೊಂಡ ಬಾಗಲದಾಗ ನಿಂದರ್ತೀನಿ" ಎಂದಳು ಮಲಿಕಾಬಿ.

ನಿಲ್ಲಬೇಕಾದ ಅಗತ್ಯ ಸಾಹೇಬರನ್ನು ನೋಡಿದೊಡನೆ ತಿಳಿಯಿತು. ಅವರ ಮೀಸೆ ಬಾಯಿಯ ಮೇಲೆ ಸೋಗೆಯ ಹಾಗೆ ಇಳಿಬಿದ್ದಿತ್ತು. ಆ ಮೇಲ್ದುಟಿಯನ್ನು ಅವರ ಹೆಂಡತಿಯೂ ಮದುವೆಯ ನಂತರ ನೋಡಿರಲಿಕ್ಕಿಲ್ಲ. ಸಾಲದ್ದಕ್ಕೆ ಒಳಗೆ ಎಲೆ ಅಡಿಕೆ. ಮೀಸೆ ಒಮ್ಮೆ ಅಲ್ಲಾಡಿತು. ಮಾಸ್ತರರು ಬಾಗಿಲಿನತ್ತ ನೋಡಿದರು. ಸಾಹೇಬರ ಹಿಂದೆ, ಬಾಗಿಲಲ್ಲಿ, ಸೆರಗು ಹೊದ್ದ ಮಲಿಕಾಬಿ ದನಿಯಿಲ್ಲದೆ ಅಂದಳು: ಹಾಜರಿ ಪಟದಾಗ ಎಷ್ಟ ಮಂದಿ?

"ಮೂವತ್ನಾಕ್ರಿ."

ಮೀಸೆ ಅಲ್ಲಾಡಿತು. ಬಾಗಿಲಲ್ಲಿ ತುಟಿಯಾಡಿತು: ಎರಡನೇ ಮಾಸ್ತರ ಎಂದಿಂದ ಇಲ್ಲ?

"ಮೂರ ವರ್ಷ ಆತ್ರಿ."

ಮಾಸ್ತರರು ಬಾಗಿಲು ನೋಡುತ್ತಿದ್ದರೆ ಮೂವತ್ನಾಲ್ಕು ತಲೆಗಳೂ ಬಾಗಿಲಿನತ್ತ ತಿರುಗಿದವು. ಕೊನೆಗೆ ಸಾಹೇಬರೂ ತಿರುಗಿದರು. ಮಲಿಕಾಬಿಯ ಬಾಯಿ ಒಂದು ಅಕ್ಷರದ ನಡುವೆ ತೆರೆದೇ ನಿಂತಿತು.

"ಬಾಯಾರ, ಚಾ ಛಲೋ ಆಗಿತ್ರಿ" ಎಂದರು ಸಾಹೇಬರು. "ಇನ್ನ ನೀವು ಮನೀಗಿ ನಡೀರಿ. ನಾವು ಸಾಲಿ ಕೆಲಸ ನೋಡ್ತೀವಿ."

ಅವಳು ಹೊರಟಳು. ಹೊಸ್ತಿಲು ದಾಟುವಾಗ ತಿರುಗಿ ಒಂದೇ ಮಾತು ಅಂದಳು. ತುಟಿಯಲ್ಲಿ ಮಾತ್ರ. ಹೇಳ್ರಿ.

ಸಾಹೇಬರು ಚೀಲದಿಂದ ಒಂದು ಕಾಗದ ತೆಗೆದರು. ಮೀಸೆ ಅಲ್ಲಾಡಿತು. ಮಾಸ್ತರರು ಕಾಗದ ನೋಡಿ, ಇದು ಪಾಠದ ಟಿಪ್ಪಣಿಯ ವಿಚಾರವೆಂದು ಊಹಿಸಿದರು.

"ಹೌದ್ರಿ" ಎಂದರು. "ದಿನಾ ಮುಂಜಾನೆ, ಒಂದ ದಿನಾನೂ ತಪ್ಪದಂಗ."

ಮಕ್ಕಳ ಮುಖ ನೋಡಿದಾಗ ಅನಾಹುತವಾಯಿತೆಂದು ತಿಳಿಯಿತು. ಮಲಕಪ್ಪ ನೆಲ ನೋಡುತ್ತಿದ್ದ. ದುಂಡವ್ವ ಎದ್ದು ನಿಂತಿದ್ದಳು. ಅವಳ ತುಟಿ ಸ್ಪಷ್ಟವಾಗಿ ಕಾಣುತ್ತಿತ್ತು. "ಸುಳ್ಳ್ರಿ ಸಾಹೇಬ್ರ. ಆವಾಗ ಹೊಡದಿದ್ರು. ಈಗ ಯಾರನ್ನೂ ಹೊಡಿಯೂದಿಲ್ರಿ."

ಮಕ್ಕಳನ್ನು ಹೊಡೆಯುವುದು ನಿಜವೇ ಎಂದು ಸಾಹೇಬರು ಕೇಳಿದ್ದರು. ತಾವು ದಿನಾ ಮುಂಜಾನೆ ಎಂದಿದ್ದರು. ಮಾಸ್ತರರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಸಾಹೇಬ್ರ, ನನಗ ಕಿವಿ ಕೇಳೂದಿಲ್ರಿ. ಎರಡೂ. ಎರಡ ವರ್ಷಾತು. ಮಂದಿ ತುಟಿ ನೋಡಿ ತಿಳ್ಕೋತೀನಿ. ನಿಮ್ಮ ತುಟಿ ಕಾಣವಲ್ದು. ದುಂಡವ್ವನ್ನ ಹೊಡದದ್ದು ಖರೇ. ಒಂದ ಆಡ ನೋಡಿ ನಕ್ಕಿದ್ಳು, ನನ್ನ ನೋಡಿ ನಗತಾಳ ಅಂತ ತಿಳದೆ."

ಸಾಹೇಬರು ಕಾಗದವನ್ನು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ ಬಂದರು. ಮಾಸ್ತರರ ಮುಂದೆ ನಿಂತು, ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದು, ನಿಧಾನವಾಗಿ ಕೇಳಿದರು, "ಹಂಗಾರ ಹೆಂಗ ಕಲಸ್ತೀರಿ?"

ಇಡೀ ಶಾಲೆ ನಕ್ಕಿತು. ಯಾವುದಕ್ಕೆ ನಕ್ಕಿತೆಂದು ಈ ಸಲ ಮಾಸ್ತರರಿಗೆ ಕಾಣುತ್ತಿತ್ತು.

"ನೀವು ಕೇಳ್ರಿ, ನಾ ನೋಡ್ತೀನಿ" ಎಂದರು.

ಸಾಹೇಬರು ಹದಿಮೂರರ ಮಗ್ಗಿ ಕೇಳಿದರು, ಅದೂ ಗುಂಪಿನಲ್ಲಿ. ಕಿವುಡನಿಗೆ ಅದಕ್ಕಿಂತ ಕಠಿಣ ಪರೀಕ್ಷೆಯಿಲ್ಲವೆಂದು ಅವರಿಗೆ ತೋರಿರಬೇಕು. ಮೂವತ್ನಾಲ್ಕು ಬಾಯಿಗಳು ಒಟ್ಟಿಗೆ ತೆರೆದವು. ಮಾಸ್ತರರು ಕಿಟಕಿಗೆ ಬೆನ್ನುಮಾಡಿ ನಿಂತು, ಸಾಲಿನಿಂದ ಸಾಲಿಗೆ ಕಣ್ಣಾಡಿಸಿದರು. ಏಳನೆಯದಕ್ಕೆ ಬಂದಾಗ ಮೂವತ್ತಮೂರು ಜೊತೆ ತುಟಿಗಳು ಒಂದು ಸಲ ಕೂಡಿದವು. ಒಂದು ಜೊತೆ ಎರಡು ಸಲ ಕೂಡಿತು.

"ನಿಂದರ್ರಿ" ಎಂದು ಮಾಸ್ತರರು ಕೈಯೆತ್ತಿದರು. "ದುಂಡವ್ವ, ಏಳನೇದು ಮತ್ತೊಮ್ಮೆ ಹೇಳು. ಹೆದರಬ್ಯಾಡ."

ದುಂಡವ್ವ ನಾಲಿಗೆ ಕಚ್ಚಿಕೊಂಡಳು. ಎದ್ದ ಗಾಬರಿಯಲ್ಲಿ ಹಳೆಯ ರೂಢಿ ಬಾಯಿಗೆ ಬಂದಿತ್ತು. "ತೊಂಬತ್ತೊಂದ್ರಿ ಸರ್."

ಸಾಹೇಬರು ಏನೋ ಬರೆದುಕೊಂಡರು. ಹೊರಡುವಾಗ ಮಲಕಪ್ಪ ಅವರ ಹಿಂದೆ ಓಡಿದ. "ಸಾಹೇಬ್ರ, ಆ ಅರ್ಜಿ ತಿರಗಿ ತೊಗೊಳಾಕ ಬರತೈತೇನ್ರಿ?"

"ಬರೂದಿಲ್ಲ. ದಫ್ತರದಾಗ ನಂಬರ ಬಿದ್ದೈತಿ. ಅವರು ಹೇಳಿದ್ದೂ ಬರದೀನಿ. ಬರದದ್ದು ಬರದಂಗ."

ಮನೆಗೆ ಬಂದಾಗ ಮಲಿಕಾಬಿ ಏನೂ ಕೇಳಲಿಲ್ಲ. ಶಾಲೆಯ ಗೋಡೆಯಾಚೆ ನಿಂತು ಎಲ್ಲ ಕೇಳಿದ್ದಳು. ಬೆಳಕಿಗೆ ಮುಖಮಾಡಿ ಕೂತು, "ಉಣ್ಣ ಬರ್ರಿ" ಎಂದಳು. ಅವರು ಅವಳ ಎದುರಿಗೆ ಕೂತರು. ಅಂದಿನಿಂದ ಐದು ತಿಂಗಳು ಟಪಾಲಿನವನ ಸೈಕಲ್ಲು ಓಣಿಗೆ ಬಂದಾಗಲೆಲ್ಲ ಮೊದಲು ಅವಳ ಮುಖ ಬಿಳಿಚುತ್ತಿತ್ತು. ಗಂಟೆಯ ಸದ್ದು ಕೇಳದ ಮಾಸ್ತರರು ಅವಳ ಮುಖ ನೋಡಿ ಟಪಾಲು ಬಂತೆಂದು ತಿಳಿಯುತ್ತಿದ್ದರು.

ಎಂಬತ್ತಾರರ ಫೆಬ್ರುವರಿಯಲ್ಲಿ ಆದೇಶ ಬಂತು. ಕಿವುಡುತನವನ್ನು ಮುಚ್ಚಿಟ್ಟಿದ್ದಕ್ಕೂ ವಿದ್ಯಾರ್ಥಿನಿಯನ್ನು ಹೊಡೆದದ್ದಕ್ಕೂ ಇಮಾಮುದ್ದೀನ ಮಾಸ್ತರರಿಗೆ ಲಿಖಿತ ಎಚ್ಚರಿಕೆ ಕೊಟ್ಟು, ಮುಂದೆ ಹೆಡ್‌ಮಾಸ್ತರ ಹುದ್ದೆಗೆ ಪರಿಗಣಿಸತಕ್ಕದ್ದಲ್ಲವೆಂದು ತಿಳಿಸಿ, ಅದೇ ಶಾಲೆಯಲ್ಲಿ ಮುಂದುವರಿಸಲಾಗಿತ್ತು.